ಕೊಳಗದ ಜಗಳವೂ ಶಾಸಕನ ಲೆಕ್ಕವೂ

ಶಾಸಕನೊಬ್ಬನು ತನ್ನ ಐದು ವರ್ಷಗಳ ಲೆಕ್ಕವನ್ನು ಮತದಾರರ ಮುಂದಿಡುವಾಗ ಇಂದು ಹೇಳುವುದೇನು? ಇಷ್ಟು ರಸ್ತೆ, ಇಷ್ಟು ಚರಂಡಿ, ಇಷ್ಟು ಸಮುದಾಯ ಭವನ. ಪ್ರದೇಶಾಭಿವೃದ್ಧಿ ನಿಧಿ ಎಂಬುದು ಬಂದ ಮೇಲಂತೂ ಅವನ ಹೆಸರು ಬಸ್ಸಿನ ತಂಗುದಾಣದ ನೆತ್ತಿಯನ್ನೂ ಏರಿದೆ. ಇವು ಬೇಡವೆಂದಲ್ಲ. ಮಳೆಗಾಲದಲ್ಲಿ ಕಾಲುಸಂಕ ದಾಟಿ ಶಾಲೆಗೆ ಹೋಗುವ ಮಲೆನಾಡಿನ ಮಕ್ಕಳನ್ನು ಕಂಡವರು ಸೇತುವೆಯನ್ನು ಹಗುರವಾಗಿ ಎಣಿಸಲಾರರು. ಆದರೆ ಶಾಸಕನೆಂಬ ಹೆಸರು ಶಾಸನದಿಂದ ಬಂದುದಷ್ಟೆ! ಆ ಲೆಕ್ಕವನ್ನು ಅವನೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಇಂಥ ಹೊತ್ತಿನಲ್ಲಿ ಶಾಂತವೇರಿ ಗೋಪಾಲಗೌಡರ ನೆನಪಾಗುತ್ತದೆ. 1923ರಲ್ಲಿ ಹುಟ್ಟಿ, ಐವತ್ತು ತುಂಬುವ ಮೊದಲೇ 1972ರಲ್ಲಿ ತೀರಿಕೊಂಡ ಈ ಸಮಾಜವಾದಿ ಮೂರು ಸಲ ವಿಧಾನಸಭೆಗೆ ಬಂದರು: 1952ರಲ್ಲಿ ಸಾಗರ-ಹೊಸನಗರದಿಂದ, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ. ನಡುವೆ 1957ರಲ್ಲಿ ಸೋತರು. ಕೈಯಲ್ಲಿ ಹಣವಿಲ್ಲದ ಈ ಅಭ್ಯರ್ಥಿ ಜನರಲ್ಲಿ ಒಂದು ವೋಟಿನೊಡನೆ ಒಂದು ನೋಟನ್ನೂ ಬೇಡಿದರು. (ನೋಟು ಈಗ ಎದುರು ದಿಕ್ಕಿನಲ್ಲಿ ಹರಿಯುತ್ತಿದೆಯೆಂಬುದನ್ನು ವಾಚಕರು ಬಲ್ಲರು.)

ಅವರನ್ನು ಸಭೆಗೆ ಕಳುಹಿಸಿದುದು ಒಂದು ಅಳತೆಯ ಜಗಳ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಭೂಮಾಲೀಕರು ಗೇಣಿಯ ಭತ್ತವನ್ನು ವಾಡಿಕೆಯದಕ್ಕಿಂತ ದೊಡ್ಡದಾದ ಕೊಳಗದಿಂದ ಅಳೆದುಕೊಳ್ಳುತ್ತಿದ್ದರು. ಕೇಳಿದ ಗೇಣಿದಾರರಿಗೆ ಗದ್ದೆಯೇ ತಪ್ಪಿತು. ಎಚ್. ಗಣಪತಿಯಪ್ಪನವರು ಕಟ್ಟಿದ್ದ ರೈತಸಂಘಕ್ಕೆ 1951ರಲ್ಲಿ ಸಮಾಜವಾದಿಗಳು ಹೆಗಲು ಕೊಟ್ಟರು. ಉಳಲು ಗದ್ದೆಗಿಳಿದ ಸತ್ಯಾಗ್ರಹಿಗಳನ್ನು ಪೊಲೀಸರು ಹಿಡಿದರು; ದೂರದಿಂದ ಬಂದ ರಾಮಮನೋಹರ ಲೋಹಿಯಾ ಅವರೂ ಬಂಧಿತರಾದರು. ಹೋರಾಟ ಆಗಲೇ ಗೆಲ್ಲಲಿಲ್ಲ. ಆದರೆ ಮರುವರ್ಷವೇ ವಯಸ್ಕ ಮತದಾನದ ಮೊದಲ ಚುನಾವಣೆ ಬಂದಿತು. ಕೊಳಗದ ಮಾತು ಗದ್ದೆಯ ಅಂಚಿನಿಂದ ಸಭೆಯ ಒಳಕ್ಕೆ ಹೋಯಿತು.

ಗೋಪಾಲಗೌಡರು ಮಂತ್ರಿಯಾಗಲಿಲ್ಲ, ಕುಳಿತದ್ದು ವಿರೋಧ ಪಕ್ಷದ ಸಾಲಿನಲ್ಲಿ. ಅಲ್ಲಿಂದಲೇ ಗೇಣಿದಾರನ ಪರವಾಗಿ ವಾದಿಸಿದರು, ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡಬೇಕೆಂದೂ ವಾದಿಸಿದರು. ಹೆಸರು 1973ರಲ್ಲಿ ಬಂದಿತು. ಗೇಣಿಯನ್ನೇ ತೊಡೆದ ಭೂಸುಧಾರಣೆಯ ತಿದ್ದುಪಡಿ 1974ರ ಮಾರ್ಚಿಯಲ್ಲಿ ಜಾರಿಗೆ ಬಂದಿತು. ಎರಡನ್ನೂ ನೋಡಲು ಅವರಿರಲಿಲ್ಲ. ಕಾನೂನು ಮಾಡಿದ ಕೀರ್ತಿ ದೇವರಾಜ ಅರಸರದು, ಸಂದೇಹವಿಲ್ಲ. ಆದರೆ ಅಂಥದೊಂದು ಕಾನೂನು ಬೇಕೆಂಬ ಮಾತು ಸಭೆಗೆ ಹೊಸದಾಗಿರಲಿಲ್ಲ. ಇಪ್ಪತ್ತು ವರ್ಷ ಯಾರೋ ಆಡಿ ಆಡಿ ಅದನ್ನು ಪರಿಚಿತವಾಗಿಸಿದ್ದರು.

ಅದೇ ಕಾಯಿದೆಗೆ 2020ರಲ್ಲಿ ಇನ್ನೊಂದು ತಿದ್ದುಪಡಿಯಾಯಿತು. ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳದಂತೆ ತಡೆದಿದ್ದ ಕಲಮುಗಳು ಹೋದವು. ಮೊದಲು ಬಂದುದು ಜುಲೈ ತಿಂಗಳ ಸುಗ್ರೀವಾಜ್ಞೆ. ಸಭೆಯ ಚರ್ಚೆ ಆಮೇಲೆ. ತಿದ್ದುಪಡಿಯ ಪರವಾಗಿ ಹೇಳಬಹುದಾದುದೂ ಇದ್ದೀತು. ನನ್ನನ್ನು ಕಾಡುವುದು ಬೇರೆ: ನಮ್ಮ ಕ್ಷೇತ್ರದ ಸದಸ್ಯರು ಆ ದಿನ ಏನು ಹೇಳಿದರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಅವರು ಹಾಕಿಸಿದ ಬೀದಿದೀಪದ ಸಂಖ್ಯೆಯನ್ನು ಮಾತ್ರ ಬಾಯಿಪಾಠ ಹೇಳಬಲ್ಲೆವು.

ತರಗತಿಯಲ್ಲಿ ಅನಂತಮೂರ್ತಿಯವರ ‘ಅವಸ್ಥೆ’ಯನ್ನು ಪಾಠ ಮಾಡುವಾಗ ಕೃಷ್ಣಪ್ಪಗೌಡನ ಪಾತ್ರದ ಹಿಂದೆ ಗೋಪಾಲಗೌಡರ ನೆರಳಿದೆಯೆಂದು ಹೇಳುವುದುಂಟು. ಒಮ್ಮೆ ಒಬ್ಬ ಹುಡುಗ ಎದ್ದು, “ಅವರು ಕ್ಷೇತ್ರಕ್ಕೆ ಏನು ತಂದರು ಸಾರ್?” ಎಂದ. ಮಲೆನಾಡಿನವನು. ಮನೆಯ ಗದ್ದೆಯ ಪಹಣಿಯಲ್ಲಿ ಅಜ್ಜನ ಹೆಸರು ಎಂದಿನಿಂದ ಇದೆಯೆಂದು ವಿಚಾರಿಸಿಕೊಂಡು ಬರಲು ಹೇಳಿದೆ. ಮುಂದಿನ ವಾರ ಬಂದು ಹೇಳಿದ: “ಮೊದಲು ಗೇಣಿಗೆ ಮಾಡ್ತಿದ್ರಂತೆ ಸಾರ್. ಡಿಕ್ಲರೇಷನ್ ಹಾಕಿದ ಮೇಲೆ ನಮ್ಮದಾಯ್ತಂತೆ.”