ಕೋಳಿ ಕೊಟ್ಟರೆ ಸಾಕೇ? ಗೂಡೂ ಬೇಕು

ಕಾಸರಗೋಡು: ಪಂಚಾಯತಿನಿಂದ ಸಿಕ್ಕಿದ ಕೋಳಿ ಮೊಟ್ಟೆ ಇಡುವ ಮೊದಲೇ ಕೀರಿಯ ಪಾಲು! ಮಂಜೇಶ್ವರ, ಕಾಸರಗೋಡು ತಾಲೂಕುಗಳ ತೋಟದ ಮನೆಗಳಲ್ಲಿ ಈ ದೂರು ಹೊಸತೇನಲ್ಲ. ಬೆಳಿಗ್ಗೆ ಬಿಟ್ಟದ್ದು ಐದು, ಸಂಜೆ ಬಂದದ್ದು ಮೂರು ಎಂದು ಲೆಕ್ಕ ಹೇಳುವವರು ಹೆಚ್ಚಾಗಿ ಮಹಿಳೆಯರು. ಮೊಟ್ಟೆ ಮಾರಿದ ದುಡ್ಡು ಅವರ ಕೈಖರ್ಚಿಗೆ, ಕುಟುಂಬಶ್ರೀಯ ಉಳಿತಾಯಕ್ಕೆ ಆಗುವಂಥದ್ದು.

ಸಮಸ್ಯೆಯ ಒಂದು ಬೇರು ವಿತರಣೆಯ ಕ್ರಮದಲ್ಲೇ ಇದೆ. ಇಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ ಕೊಡುವುದು ಒಂದೂವರೆ-ಎರಡು ತಿಂಗಳು ಪ್ರಾಯದ ಮರಿಗಳನ್ನು. ಗಿಡುಗ ಕಂಡರೆ ಊರ ಹೇಂಟೆ ಕೂಗಿ ಮರಿಗಳನ್ನು ಎಚ್ಚರಿಸುತ್ತದೆ. ಬಲ್ಬಿನ ಶಾಖದಲ್ಲಿ ಬೆಳೆದ ಮರಿಗಳಿಗೆ ಹಾಗೆ ಕಲಿಸುವ ತಾಯಿಯೇ ಇರುವುದಿಲ್ಲ.

ಹಗಲು ಗಿಡುಗ, ಕೀರಿ, ನಾಯಿ; ಕತ್ತಲಾದರೆ ನರಿ, ಕಾಡುಬೆಕ್ಕು, ಹೆಬ್ಬಾವು. ಬಿಟ್ಟು ಸಾಕುವ ಕೋಳಿಗೆ ಹಗಲಿನ ಅಪಾಯ ಪೂರ್ತಿ ತಪ್ಪದು. ಆದರೂ ಮೊಟ್ಟೆ ಇಡುವುದು ಹೆಚ್ಚಾಗಿ ಬೆಳಿಗ್ಗೆಯೇ ಆದ್ದರಿಂದ ಹತ್ತು ಗಂಟೆಯ ನಂತರ ಬಿಟ್ಟರೆ ಮೊಟ್ಟೆಯೂ ಗೂಡಲ್ಲೇ ಸಿಗುತ್ತದೆ, ಹೊರಗಿರುವ ಹೊತ್ತೂ ಕಡಿಮೆಯಾಗುತ್ತದೆ. ಅಂಗಳದ ಬದಿ ನಾಲ್ಕು ಪೊದೆ ಇದ್ದರೆ ಗಿಡುಗನಿಂದ ಅಡಗಲು ಜಾಗವಾಯಿತು.

ರಾತ್ರಿಯ ನಷ್ಟವನ್ನು ಮಾತ್ರ ಬಹುಮಟ್ಟಿಗೆ ತಡೆಯಬಹುದು. ಹಿಂದೆ ಮನೆಗಳಲ್ಲಿ ಕಾಲಿನ ಮೇಲೆ ಎತ್ತರಿಸಿದ ಮರದ ಗೂಡು ಇರುತ್ತಿತ್ತು. ಈಗ ಹಳೆ ಪೆಟ್ಟಿಗೆ, ಮೆಟ್ಟಿಲಡಿಯೇ ಗೂಡು. ಪೇಟೆಯಲ್ಲಿ ಸಿಗುವ ತೆಳು ಕೋಳಿಬಲೆ ಕೋಳಿಯನ್ನು ಒಳಗೆ ನಿಲ್ಲಿಸೀತೇ ಹೊರತು ನಾಯಿ, ನರಿಯನ್ನು ಹೊರಗೆ ನಿಲ್ಲಿಸದು. ಸಣ್ಣ ಸಂದಿಯಲ್ಲಿ ನುಗ್ಗಿದ ಹೆಬ್ಬಾವು ಕೋಳಿ ನುಂಗಿ, ಹೊಟ್ಟೆ ಉಬ್ಬಿ ಹೊರಹೋಗಲಾಗದೆ ಬೆಳಿಗ್ಗೆ ಗೂಡಲ್ಲೇ ಸಿಗುವುದೂ ಉಂಟು. ಅರ್ಧ ಇಂಚು ಕಣ್ಣಿನ ಬೆಸುಗೆ ಬಲೆ, ಭದ್ರ ಚಿಲಕ ಬೇಕು. ಗೂಡು ನೆಲದ ಮೇಲಿದ್ದರೆ ಬಲೆಯನ್ನು ಸುತ್ತಲೂ ಒಂದಡಿ ಹೊರಕ್ಕೆ ಹಾಸಿ ಕಲ್ಲು ಹೇರಬೇಕು. ಆಗ ಕೀರಿ ತೋಡಿ ನುಗ್ಗುವುದು ಕಷ್ಟ. ಕತ್ತಲಾಗುವ ಮೊದಲೇ ಬಾಗಿಲು ಹಾಕಬೇಕು.

ಸಿಟ್ಟಿನಲ್ಲಿ ಉರುಳು, ವಿಷ ಇಡುವುದು ಪರಿಹಾರವಲ್ಲ. ಕೀರಿ, ನರಿ, ಹೆಬ್ಬಾವು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕೊಂದರೆ ಕೇಸು ಬೀಳುತ್ತದೆ. ತೋಟದ ಇಲಿ ಹಿಡಿಯುವುದೂ ಅದೇ ಕೀರಿ. ಬೇಲಿಗೆ ಕರೆಂಟು ಕೊಟ್ಟರಂತೂ ಮನುಷ್ಯರ ಪ್ರಾಣಕ್ಕೇ ಸಂಚಕಾರ.

ಕೋಳಿ ಹಂಚಿದ ಲೆಕ್ಕ ಕಡತದಲ್ಲಿ ಉಳಿಯುತ್ತದೆ, ಆರು ತಿಂಗಳ ನಂತರ ಎಷ್ಟು ಉಳಿದವು ಎಂಬುದೇ ನಿಜವಾದ ಲೆಕ್ಕ. ಮೊದಲು ಗೂಡಿಗೆ ಸಹಾಯಧನ, ಗೂಡು ನೋಡಿ ಆಮೇಲೆ ಕೋಳಿ ಎಂಬ ಕ್ರಮ ಬಂದರೆ ಸಂಖ್ಯೆ ಸ್ವಲ್ಪ ಇಳಿದರೂ ಹಣ ಪೋಲಾಗದು. ಸಾಕುವ ಕ್ರಮದ ಮಾಹಿತಿ ಕನ್ನಡದಲ್ಲೂ ಕೈಗೆ ಸಿಗಬೇಕು. ಇಲ್ಲದಿದ್ದರೆ ಪಂಚಾಯತು ಸಾಕಿದ್ದು ಕೋಳಿಯನ್ನೋ ಕೀರಿಯನ್ನೋ ಎಂದು ಜನ ಕೇಳಿಯಾರು.