ಹದಿಹರೆಯದ ಮಕ್ಕಳ ಮನೋರೋಗ: ಮೈಗಳ್ಳತನವೆಂದು ತಳ್ಳಿಬಿಡಬೇಡಿ



ಭತ್ತದ ಗರಿ ಹಳದಿಯಾದರೆ ನೀವು ಒಂದು ಸಸಿ ಕಿತ್ತುಕೊಂಡು ನಮ್ಮ ಬಳಿ ಬರುತ್ತೀರಿ. ಹಳದಿಯಾದದ್ದು ಕೆಳಗಿನ ಗರಿಯೋ ಮೇಲಿನದೋ, ಕಂದು ಚುಕ್ಕೆ ಇದೆಯೋ ಎಂದು ನಾವು ಕೇಳುತ್ತೇವೆ. ಸತುವಿನ ಕೊರತೆಗೆ ಯೂರಿಯಾ ಚೆಲ್ಲಿ ಪ್ರಯೋಜನವಿಲ್ಲವೆಂಬುದು ನಿಮಗೆ ಗೊತ್ತಿರುವುದೇ. ಮನೆಯ ಮಗ ಬಾಡಿದಾಗ ಮಾತ್ರ ಈ ವಿಚಾರಣೆ ಏಕೆ ನಡೆಯುವುದಿಲ್ಲ? ಕೃಷಿ ಪುಟದಲ್ಲಿ ಇದೇಕೆ ಎನ್ನದೆ ದಯವಿಟ್ಟು ಮುಂದೆ ಓದಿ.

ಹರಿಹರ ತಾಲ್ಲೂಕಿನಲ್ಲಿ ಭದ್ರಾ ನಾಲೆಯ ಕೊನೆಯ ಭಾಗದ ಒಂದು ಗ್ರಾಮಕ್ಕೆ ನಾಟಿಯ ಕಾಲದಲ್ಲಿ ಹೋಗಿದ್ದೆ. ಪೈರು ನೋಡಿದ ಮೇಲೆ ರೈತರೊಬ್ಬರು ಚಹಾ ಕೊಡುತ್ತಾ, ದಾವಣಗೆರೆಯಲ್ಲಿ ಪಿ.ಯು.ಸಿ. ಓದುತ್ತಿದ್ದ ಮಗನ ಮಾತೆತ್ತಿದರು. "ಮೈಗಳ್ಳ ಆಗ್ಬಿಟ್ಟಾನೆ ಸಾರ್. ಹಗಲೆಲ್ಲಾ ಮಲಗ್ತಾನೆ, ಮಾತಾಡ್ಸಿದ್ರೆ ಮೈಮೇಲೆ ಬರ್ತಾನೆ." ಹಿಂದೆ ಹೇಗಿದ್ದ ಎಂದು ಕೇಳಿದೆ. ಅವರ ಮುಖ ಅರಳಿತು. ಹಿಂದಿನ ವರ್ಷ ಒಂದು ವಾರಕ್ಕೂ ಹೆಚ್ಚು ದಿನ ರಾತ್ರಿ ಎರಡು ಗಂಟೆ ಮಾತ್ರ ಮಲಗಿ, ದಣಿವಿಲ್ಲದೆ ಓಡಾಡಿ, ಇಡೀ ಜಮೀನಿಗೆ ಹನಿ ನೀರಾವರಿ ಹಾಕಿಸುತ್ತೇನೆಂದು ಸಾಲವನ್ನೂ ಎತ್ತಿದ್ದನಂತೆ. "ಆಗ ಎಷ್ಟು ಚುರುಕಿದ್ದ ಗೊತ್ತಾ!"

ಆ ಚುರುಕೂ ಈ ಮಂಕೂ ಒಂದೇ ರೋಗದ ಎರಡು ಮುಖಗಳಿರಬಹುದು. ವೈದ್ಯರು ಇದನ್ನು ಬೈಪೋಲಾರ್ ಎನ್ನುತ್ತಾರೆ. ಉನ್ಮಾದ ಒಮ್ಮೆ, ಖಿನ್ನತೆ ಒಮ್ಮೆ. ಉನ್ಮಾದವಿಲ್ಲದ ಬರೀ ಖಿನ್ನತೆ ಇನ್ನೂ ಹೆಚ್ಚು ಜನರಲ್ಲಿದೆ. ಹದಿಹರೆಯದಲ್ಲಿ ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕೆಂದಿಲ್ಲ. ಸಿಡುಕು, ತಲೆನೋವು, ಹೊಟ್ಟೆನೋವು, ಊಟ ನಿದ್ರೆಗಳ ಏರುಪೇರು, ಆಟ ಗೆಳೆಯರಲ್ಲಿ ಬೇಸರ, ಇಳಿದ ಅಂಕ: ಇಂಥವು ಎರಡು ವಾರ ಬಿಡದೆ ಕಂಡರೆ ತೋರಿಸತಕ್ಕದ್ದು. ಸಾಯುವ ಮಾತು ಬಂದರೆ ಎರಡು ದಿನವೂ ಕಾಯಬೇಡಿ. "ಸಾಯಬೇಕು ಅನ್ನಿಸುತ್ತಾ?" ಎಂದು ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ, ಕೇಳಿದರೆ ಮಗುವಿಗೆ ಹಗುರವಾಗುತ್ತದೆ.

ವೈದ್ಯರಿಗೆ ಈಗಿನ ಮಂಕಿನ ಜೊತೆ ಹಿಂದಿನ ಚುರುಕನ್ನೂ ತಪ್ಪದೆ ಹೇಳಿ. ಬೈಪೋಲಾರ್ ಇದ್ದವರಿಗೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಉನ್ಮಾದ ಕೆರಳುವ ಅಪಾಯವುಂಟು. ಮನೆತನದಲ್ಲಿ ಯಾರಿಗಾದರೂ ಈ ರೋಗ ಇತ್ತೇ ಎಂಬುದನ್ನೂ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ.

ಖಿನ್ನತೆ ಹಗುರವಾಗಿದ್ದರೆ ಆಪ್ತಸಮಾಲೋಚನೆಯಿಂದಲೇ ಸುಧಾರಿಸಬಹುದು. ಮಾತ್ರೆ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು. ಮೊದಲ ವಾರಗಳಲ್ಲಿ ಮಗುವಿನ ಮೇಲೆ ಕಣ್ಣಿಡಿ, ಗುಣವಾಯಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಬೈಪೋಲಾರ್‌ಗೆ ಕೊಡುವ ಔಷಧಗಳಲ್ಲಿ ಲಿಥಿಯಂ ಒಂದು. ಅದಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕು. ಬೇಸಿಗೆಯ ಬಿಸಿಲಿನಲ್ಲಿ ಬೆವರಿ ಮೈಯ ನೀರು ಇಳಿದರೆ, ವಾಂತಿ ಭೇದಿಯಾದರೆ, ಅಥವಾ ಅಂಗಡಿಯ ನೋವಿನ ಮಾತ್ರೆ ನುಂಗಿದರೆ ಲಿಥಿಯಂ ರಕ್ತದಲ್ಲಿ ಏರಿ ವಿಷವಾಗಬಹುದು. ನೀರು ಚೆನ್ನಾಗಿ ಕುಡಿಸಿ. ಕೈನಡುಕ ಹೆಚ್ಚಿದರೆ, ತೂರಾಡಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ನಿದ್ದೆಗೆಟ್ಟರೂ ಉನ್ಮಾದ ಮರುಕಳಿಸಬಹುದು. ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟಾರು ಹಾಕಲು ಅಂಥ ಹುಡುಗನನ್ನು ಕಳಿಸಬೇಡಿ.

ದೇವರಿಗೆ ಹರಕೆ ಹೊರುವುದಕ್ಕೆ ನನ್ನ ತಕರಾರಿಲ್ಲ, ಮಾತ್ರೆ ತಪ್ಪದಿದ್ದರಾಯಿತು. ಆದರೆ ಹೆಣ್ಣುಮಕ್ಕಳ ವಿಷಯದಲ್ಲಿ "ಮದುವೆ ಮಾಡಿದರೆ ಸರಿಹೋಗುತ್ತಾಳೆ" ಎನ್ನುವುದು ರೋಗವನ್ನು ಇನ್ನೊಂದು ಮನೆಗೆ ದಾಟಿಸುವ ಉಪಾಯವೇ ಹೊರತು ಚಿಕಿತ್ಸೆಯಲ್ಲ.

ನಾನು ಇಲಾಖೆಯವನಾಗಿ ಹೇಳಲೇಬೇಕಾದ ಮಾತು ಕೀಟನಾಶಕದ್ದು. ಅಟ್ಟದ ಮೇಲೆ, ಪಂಪ್‌ಹೌಸಿನ ಮೂಲೆಯಲ್ಲಿ ಅರ್ಧ ಉಳಿದ ಬಾಟಲಿ ಇಲ್ಲದ ಮನೆಯನ್ನು ನಾನು ಕಂಡದ್ದು ಕಡಿಮೆ. ಸಾಯುವ ಯೋಚನೆ ಅನೇಕ ವೇಳೆ ಗಳಿಗೆಯಲ್ಲಿ ಬಂದು ಹೋಗುವಂಥದು. ಆ ಗಳಿಗೆಯಲ್ಲಿ ಬಾಟಲಿ ಕೈಗೆ ಸಿಗಬಾರದು. ಬೇಕಾದಷ್ಟೇ ಕೊಳ್ಳಿ. ಉಳಿದದ್ದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿ ಹಿರಿಯರ ಬಳಿ ಇರಲಿ.

ಹಳ್ಳಿಯಲ್ಲಿ ಇದಕ್ಕೆ ಚಿಕಿತ್ಸೆ ಎಲ್ಲಿ ಎನ್ನುವಿರಾ? ಆಗ ನಮ್ಮ ಪಕ್ಕದಲ್ಲಿದ್ದ ಬಳ್ಳಾರಿ ಜಿಲ್ಲೆಯಲ್ಲೇ 1985ರಲ್ಲಿ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು, ಅಲ್ಲಿಯೇ ಔಷಧ ದೊರೆಯುವಂತೆ ಮಾಡಿ ತೋರಿಸಿದರು. ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹರಡಿತು. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹರಿಹರದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಬಹುದು. ಹೊರಡುವ ಮುನ್ನ ಮಾತಾಡಬೇಕೆನಿಸಿದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸೇವೆ ಅದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಆ ರೈತರು ಮಗನನ್ನು ತೋರಿಸಿದರು, ಹಳೆಯ ಚುರುಕಿನ ಕಥೆಯನ್ನೂ ಹೇಳಿದರು. ಹುಡುಗ ಒಂದು ವರ್ಷ ಕಳೆದುಕೊಂಡು ಈಗ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾನೆ. ನಾಲೆ ನೀರಿನ ರಾತ್ರಿ ಪಾಳಿಗೆ ತಂದೆಯೇ ಟಾರ್ಚು ಹಿಡಿದು ಹೋಗುತ್ತಾರೆ.