ನಾಡದೋಣಿಯ ಟ್ಯಾಂಕಿಗೆ ಕಬ್ಬಿನ ಪೆಟ್ರೋಲ್: ಕರಾವಳಿಗೆ ಬೇಕು ಒಂದು ಆಯ್ಕೆ

ಅಮೀರ್‌ಪೇಟ್, ಹೈದರಾಬಾದ್: ಅಮೀರ್‌ಪೇಟ್‌ನ ಬಂಕುಗಳಲ್ಲಿ ನಾವು ಇಂದು ವಾಹನಕ್ಕೆ ತುಂಬಿಸುವ ಪೆಟ್ರೋಲಿನಲ್ಲಿ ಸುಮಾರು ಐದನೇ ಒಂದು ಪಾಲು ಎಥೆನಾಲ್ ಇದೆ. ಇದರಿಂದ ಕಾರಿನ ಮೈಲೇಜ್ ಎಷ್ಟು ಕುಸಿಯಿತು, ಹಳೆಯ ಸ್ಕೂಟರ್ ಏಕೆ ಮೊಂಡು ಹಿಡಿಯಿತು ಎಂಬ ಚರ್ಚೆ ನಗರದ ಮನೆಮನೆಯಲ್ಲೂ ನಡೆದಿದೆ. ಆದರೆ ನಮ್ಮಲ್ಲಿ ಅನೇಕರ ತವರಾದ ಉಡುಪಿ, ದಕ್ಷಿಣ ಕನ್ನಡ ಹಾಗೂ ಉತ್ತರ ಕನ್ನಡ ಜಿಲ್ಲೆಗಳ ನಾಡದೋಣಿ ಮೀನುಗಾರರಿಗೂ ಸಿಗುವುದು ಇದೇ ಪೆಟ್ರೋಲ್ ಎಂಬುದು ಅಷ್ಟಾಗಿ ಯಾರ ಗಮನಕ್ಕೂ ಬಂದಿಲ್ಲ. ರಸ್ತೆಯಲ್ಲಿ ಎಂಜಿನ್ ನಿಂತರೆ ವಾಹನವನ್ನು ಬದಿಗೆ ತಳ್ಳಿ ಮೆಕ್ಯಾನಿಕ್‌ನನ್ನು ಕರೆಯಬಹುದು. ಮಳೆಗಾಲದ ಕಡಲಿನಲ್ಲಿ ಎಂಜಿನ್ ನಿಂತರೆ ಅದು ಜೀವದ ಪ್ರಶ್ನೆ.

ಎರಡು ನೀತಿಗಳ ನಡುವೆ

ಟ್ರಾಲ್ ದೋಣಿಗಳಂಥ ದೊಡ್ಡ ಯಾಂತ್ರೀಕೃತ ದೋಣಿಗಳು ಡೀಸೆಲ್‌ನಿಂದ ಓಡುತ್ತವೆ; ಅವುಗಳಿಗೆ ಈ ಸಮಸ್ಯೆಯಿಲ್ಲ. ನಾಡದೋಣಿಗಳ ಕಥೆ ಬೇರೆ. ದೋಣಿಯ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್‌ಗಳನ್ನು ಪೆಟ್ರೋಲಿನಿಂದ ಚಾಲೂ ಮಾಡಿ, ಬಿಸಿಯೇರಿದ ಮೇಲೆ ಸೀಮೆಎಣ್ಣೆಗೆ ಬದಲಾಯಿಸಿಕೊಳ್ಳುವುದು ಬಹುಕಾಲದ ರೂಢಿ. ಸಹಾಯಧನದ ಸೀಮೆಎಣ್ಣೆ ಸಕಾಲಕ್ಕೆ, ಸಾಕಷ್ಟು ಸಿಗುತ್ತಿಲ್ಲವೆಂಬ ದೂರು ಕರಾವಳಿಯಲ್ಲಿ ಮತ್ತೆ ಮತ್ತೆ ಕೇಳಿಬಂತು. ಈ ಹಿನ್ನೆಲೆಯಲ್ಲಿ ಕರ್ನಾಟಕ ಸರ್ಕಾರವು 2023ರ ಜುಲೈ ತಿಂಗಳ ಮುಂಗಡಪತ್ರದಲ್ಲಿ, ಸೀಮೆಎಣ್ಣೆ ಎಂಜಿನ್ ಬಿಟ್ಟು ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ಅಳವಡಿಸಿಕೊಳ್ಳುವ ದೋಣಿಗಳಿಗೆ ತಲಾ 50,000 ರೂಪಾಯಿ ಸಹಾಯಧನ ಘೋಷಿಸಿತು.

ಅದೇ ಕಾಲಕ್ಕೆ ಪೆಟ್ರೋಲಿನ ಸ್ವರೂಪವೇ ಬದಲಾಗತೊಡಗಿತ್ತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು ಶೇ. 20ರ ಮಿಶ್ರಣಕ್ಕೆ 2030ರ ಗಡುವು ಇಟ್ಟಿತ್ತು. 2022ರಲ್ಲಿ ಕೇಂದ್ರ ಸರ್ಕಾರವು ಅದನ್ನು 2025-26ಕ್ಕೆ ಹಿಂದಕ್ಕೆ ತಂದಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಪ್ರಧಾನಿಯವರು ಇ-20 ಪೆಟ್ರೋಲಿಗೆ ಚಾಲನೆ ನೀಡಿದರು. 2025ರಲ್ಲಿ ದೇಶ ಶೇ. 20ರ ಗುರಿಯನ್ನು ಮುಟ್ಟಿತು. ಹೀಗೆ ಒಂದು ಸರ್ಕಾರ ಮೀನುಗಾರನನ್ನು ಪೆಟ್ರೋಲಿನತ್ತ ಕರೆದರೆ, ಇನ್ನೊಂದು ಸರ್ಕಾರ ಆ ಪೆಟ್ರೋಲನ್ನೇ ಬದಲಿಸಿತು. ಎರಡೂ ನೀತಿಗಳ ಹಿಂದಿನ ಉದ್ದೇಶ ಒಳ್ಳೆಯದೇ. ಎರಡೂ ಸಂಧಿಸುವುದು ನಾಡದೋಣಿಯ ಪುಟ್ಟ ಟ್ಯಾಂಕಿನಲ್ಲಿ.

ನೀರಿನ ಮೇಲಿನ ಎಂಜಿನ್‌ಗೆ ನೀರೇ ವೈರಿ

ಎಥೆನಾಲ್ ಎಂದರೆ ಮದ್ಯಸಾರ. ಪೆಟ್ರೋಲ್ ನೀರನ್ನು ದೂರವಿಡುತ್ತದೆ, ಎಥೆನಾಲ್ ಅದನ್ನು ಹೀರಿಕೊಳ್ಳುತ್ತದೆ. ಗಾಳಿಯ ತೇವವನ್ನೂ ಟ್ಯಾಂಕಿನೊಳಗೆ ಇಳಿದ ಹನಿಯನ್ನೂ ಅದು ಒಂದು ಮಿತಿಯವರೆಗೆ ತನ್ನಲ್ಲಿ ಕರಗಿಸಿಕೊಂಡಿರುತ್ತದೆ. ಮಿತಿ ಮೀರಿತೆಂದರೆ ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಶೇ. 10ರ ಮಿಶ್ರಣಕ್ಕಿಂತ ಶೇ. 20ರ ಮಿಶ್ರಣ ಹೆಚ್ಚು ನೀರನ್ನು ತಾಳಿಕೊಳ್ಳುತ್ತದೆ ಎಂಬುದು ನಿಜ. ಆದರೆ ಒಮ್ಮೆ ಬೇರ್ಪಟ್ಟರೆ ತಳದಲ್ಲಿ ನಿಲ್ಲುವ ಪದರವೂ ಅಷ್ಟೇ ದೊಡ್ಡದಾಗಿರುತ್ತದೆ. ಎಂಜಿನ್‌ಗೆ ಇಂಧನ ಎಳೆಯುವ ಕೊಳವೆಯ ಬಾಯಿ ಇರುವುದೂ ಟ್ಯಾಂಕಿನ ತಳದಲ್ಲಿಯೇ.

ಎರಡು ಸ್ಟ್ರೋಕಿನ ಎಂಜಿನ್‌ಗಳಲ್ಲಿ ಅಪಾಯ ಇನ್ನೂ ಹೆಚ್ಚು. ಅವುಗಳಿಗೆ ಬೇಕಾದ ಆಯಿಲ್ ಪೆಟ್ರೋಲಿನಲ್ಲಿ ಬೆರೆತಿರುತ್ತದೆ, ತಳಕ್ಕಿಳಿದ ನೀರು-ಎಥೆನಾಲಿನಲ್ಲಿ ಬೆರೆಯುವುದಿಲ್ಲ. ಜಿಡ್ಡಿಲ್ಲದ ಇಂಧನ ಒಳಹೊಕ್ಕರೆ ಪಿಸ್ಟನ್ ಹಿಡಿದುಕೊಳ್ಳುವ ಸಂಭವವಿದೆ. ಇದರ ಜೊತೆಗೆ ಎಥೆನಾಲ್ ಹಳೆಯ ರಬ್ಬರ್ ಪೈಪು, ಸೀಲುಗಳನ್ನು ಮೆದುಗೊಳಿಸುತ್ತದೆ. ಟ್ಯಾಂಕಿನಲ್ಲಿ ವರ್ಷಗಳಿಂದ ಕೂತ ಕಿಲುಬನ್ನು ಸಡಿಲಿಸಿ ಫಿಲ್ಟರನ್ನೂ ಕಾರ್ಬ್ಯುರೇಟರನ್ನೂ ಕಟ್ಟಿಸುತ್ತದೆ.

ಕಾರುಗಳಲ್ಲಿ ಈ ತೊಂದರೆ ಅಷ್ಟಾಗಿ ಕಾಣದಿರಲು ಕಾರಣವಿದೆ. ಅವುಗಳ ಟ್ಯಾಂಕ್ ಬಹುಮಟ್ಟಿಗೆ ಮುಚ್ಚಿದ ವ್ಯವಸ್ಥೆ, ಇಂಧನವೂ ಬೇಗ ಖರ್ಚಾಗುತ್ತದೆ. ದೋಣಿಯ ಟ್ಯಾಂಕಿಗೆ ಗಾಳಿಕಿಂಡಿ ಇರುತ್ತದೆ, ಸುತ್ತಲೂ ಉಪ್ಪುನೀರು. ಅಲ್ಲದೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವಾಗ, 10 ಅಶ್ವಶಕ್ತಿಯವರೆಗಿನ ಔಟ್‌ಬೋರ್ಡ್ ಎಂಜಿನ್‌ನ ನಾಡದೋಣಿಗಳಿಗೆ ವಿನಾಯಿತಿಯಿದೆ. ಅಂದರೆ ನಾಡದೋಣಿಯವರ ಸಂಪಾದನೆಯ ಕಾಲವೂ ಗಾಳಿಯಲ್ಲಿ ತೇವ ತುಂಬಿರುವ ಕಾಲವೂ ಒಂದೇ.

ಹೊರನಾಡುಗಳಲ್ಲಿ ಏನು ಮಾಡಿದ್ದಾರೆ?

ಔಟ್‌ಬೋರ್ಡ್ ಎಂಜಿನ್ ತಯಾರಕರಲ್ಲಿ ಹೆಚ್ಚಿನವರು ಶೇ. 10ರವರೆಗಿನ ಎಥೆನಾಲನ್ನು ಮಾತ್ರ ಒಪ್ಪುತ್ತಾರೆ. ಅಮೆರಿಕದ ದೋಣಿಗಳು ಆ ಮಿಶ್ರಣದೊಂದಿಗೆ ಬಹಳ ವರ್ಷಗಳಿಂದ ಬಾಳಿವೆ. ಆದ್ದರಿಂದ ಎಥೆನಾಲ್ ಎಂದೊಡನೆ ಗಾಬರಿ ಬೇಕಿಲ್ಲ. ಆದರೆ ಶೇ. 15ರ ಮಿಶ್ರಣವನ್ನು 2001ರ ನಂತರದ ಕಾರುಗಳಿಗೆ ಅನುಮತಿಸಿದ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ, ದೋಣಿಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿದೆ. 2021ರ ಸೆಪ್ಟೆಂಬರಿನಲ್ಲಿ ಶೇ. 10ರ ಮಿಶ್ರಣಕ್ಕೆ ಬದಲಾದ ಬ್ರಿಟನ್, ಹಳೆಯ ಎಂಜಿನ್‌ಗಳಿಗಾಗಿ ಶೇ. 5ರ ಪೆಟ್ರೋಲನ್ನೂ ಉಳಿಸಿಕೊಂಡಿತು.

ನಮ್ಮಲ್ಲಿ ಅಂಥ ಆಯ್ಕೆ ದೊರೆತಿಲ್ಲ. ಎಥೆನಾಲ್ ರಹಿತ ಪೆಟ್ರೋಲೂ ಸಿಗುವಂತಾಗಬೇಕೆಂದು ಕೋರಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ನೀತಿ ಆಯೋಗದ 2021ರ ವರದಿ ಕಾರುಗಳಲ್ಲಿ ಶೇ. 6-7, ದ್ವಿಚಕ್ರಗಳಲ್ಲಿ ಶೇ. 3-4ರಷ್ಟು ಇಂಧನ ಕ್ಷಮತೆ ಕುಗ್ಗಬಹುದೆಂದು ಅಂದಾಜಿಸಿತ್ತು. ಅದು ಎಥೆನಾಲ್ ರಹಿತ ಪೆಟ್ರೋಲಿಗೆಂದು ರೂಪುಗೊಂಡು, ಶೇ. 10ರ ಮಿಶ್ರಣಕ್ಕೆ ಹೊಂದಿಸಿದ ವಾಹನಗಳ ಲೆಕ್ಕ. ಚರ್ಚೆಯೆಲ್ಲ ರಸ್ತೆಯ ವಾಹನಗಳ ಸುತ್ತಲೇ ನಡೆದಿದೆ, ದೋಣಿ ಅದರಲ್ಲಿ ಕಾಣುವುದೇ ಅಪರೂಪ.

ಸದ್ಯಕ್ಕೆ ಮಾಡಬಹುದಾದದ್ದು

ಊರಿನಲ್ಲಿ ದೋಣಿ ಹೊಂದಿರುವ ಬಂಧುಗಳಿಗೆ ತಿಳಿಸಬಹುದಾದ ಕೆಲವು ಎಚ್ಚರಿಕೆಗಳಿವೆ. ಪೆಟ್ರೋಲನ್ನು ತಿಂಗಳುಗಟ್ಟಲೆ ಕೂಡಿಡದೆ ಬೇಕಾದಷ್ಟನ್ನೇ ತರುವುದು; ದೋಣಿಯನ್ನು ಬಹುದಿನ ಮೇಲೆಳೆದಿಡುವುದಾದರೆ ಟ್ಯಾಂಕನ್ನೂ ಕಾರ್ಬ್ಯುರೇಟರನ್ನೂ ಬರಿದು ಮಾಡುವುದು; ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸುವುದು; ಹಳೆಯ ರಬ್ಬರ್ ಪೈಪುಗಳ ಬದಲು ಎಥೆನಾಲ್ ತಾಳಬಲ್ಲವನ್ನು ಅಳವಡಿಸುವುದು. ಸಂಶಯವಿದ್ದರೆ ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಗಾಜಿನ ಶೀಸೆಗೆ ತೆಗೆದು, ಬೆಂಕಿಯಿಂದ ದೂರವಿಟ್ಟು ನೋಡಬೇಕು. ಎರಡು ಪದರ ಕಂಡರೆ ಯಾವ ಔಷಧಿ ಬೆರೆಸಿದರೂ ಅದು ಸರಿಯಾಗದು, ಟ್ಯಾಂಕನ್ನು ಪೂರ್ತಿ ಖಾಲಿ ಮಾಡುವುದೊಂದೇ ದಾರಿ.

ಕೇಳಬೇಕಾದ ಒಂದು ಮಾತು

ಎಥೆನಾಲ್ ನೀತಿಯಿಂದ ಲಾಭವಾಗಿರುವುದೂ ಕನ್ನಡಿಗರಿಗೇ. ಬೆಳಗಾವಿ, ಬಾಗಲಕೋಟೆಗಳ ಕಬ್ಬು ಬೆಳೆಗಾರರಿಗೆ ಸಕ್ಕರೆಯ ಹೊರತಾದ ಮಾರುಕಟ್ಟೆ ದೊರೆತಿದೆ. ಕಚ್ಚಾ ತೈಲಕ್ಕೆ ತೆರುವ ವಿದೇಶಿ ವಿನಿಮಯವೂ ಉಳಿಯುತ್ತದೆ. ಅದನ್ನು ಕೈಬಿಡಿ ಎಂದು ಯಾರೂ ಹೇಳಬೇಕಿಲ್ಲ. ಆದರೆ ಬಯಲುಸೀಮೆಯ ರೈತನ ನೆಮ್ಮದಿಗೆ ಕರಾವಳಿಯ ಮೀನುಗಾರ ಬೆಲೆ ತೆರುವಂತಾಗಬಾರದು.

ಪರಿಹಾರ ದೊಡ್ಡದೇನಲ್ಲ. ಮೀನುಗಾರಿಕಾ ಬಂದರುಗಳ ಬಂಕುಗಳ ಮೂಲಕ ಯಾಂತ್ರೀಕೃತ ದೋಣಿಗಳಿಗೆ ತೆರಿಗೆ ರಹಿತ ಡೀಸೆಲ್ ಹಂಚುವ ವ್ಯವಸ್ಥೆ ಕರ್ನಾಟಕದಲ್ಲಿ ಈಗಾಗಲೇ ಇದೆ. ಅದೇ ದಾರಿಯಲ್ಲಿ, ನೋಂದಾಯಿತ ನಾಡದೋಣಿಗಳಿಗೆ ಶೇ. 10 ಮೀರದ ಎಥೆನಾಲ್ ಇರುವ ಪೆಟ್ರೋಲನ್ನು ಒದಗಿಸಲು ಕೇಂದ್ರದ ಅನುಮತಿಯನ್ನೂ ತೈಲ ಕಂಪನಿಗಳ ಸಹಕಾರವನ್ನೂ ರಾಜ್ಯ ಕೇಳಬಹುದು. ದೇಶದ ಒಟ್ಟು ಬಳಕೆಯ ಮುಂದೆ ಆ ಪೆಟ್ರೋಲ್ ಸಮುದ್ರದೊಳಗಿನ ಹನಿಯಷ್ಟು, ಶೇ. 20ರ ಗುರಿಗೆ ಅದರಿಂದ ಧಕ್ಕೆಯಾಗದು. ಎಂಜಿನ್ ಬದಲಾಯಿಸಲು 50,000 ರೂಪಾಯಿ ಕೊಡಲು ಮುಂದಾದ ಸರ್ಕಾರ, ಆ ಎಂಜಿನ್‌ಗೆ ಹೊಂದುವ ಇಂಧನವನ್ನೂ ಕೊಡಿಸಿದರೆ ಮಾತ್ರ ಆ ಸಹಾಯಕ್ಕೆ ಅರ್ಥ ಬರುತ್ತದೆ.